ಭಾರ ಹಿಡಿಯದ ಪ್ರೆಸ್

ಹ್ಯಾಂಡಲ್ ಹೊಡೆದಂತೆಲ್ಲ ಪ್ರೆಸ್ಸಿನ ಜಾಕಿ ಚಾಚಿಕೊಳ್ಳುತ್ತದೆ. ಬೇರಿಂಗಿಗೆ ತಾಗುವವರೆಗೂ ಏನೂ ತಕರಾರಿಲ್ಲ. ತಾಗಿದ ಮೇಲೆ ಮಾತ್ರ ಎಷ್ಟು ಹೊಡೆದರೂ ಶಾಫ್ಟ್ ಮಿಸುಕುವುದಿಲ್ಲ. ಹ್ಯಾಂಡಲ್ ಬಿಟ್ಟು ಒಂದು ನಿಮಿಷ ಸುಮ್ಮನೆ ನೋಡಿದರೆ, ಚಾಚಿದ್ದೂ ಮೆಲ್ಲಗೆ ಕುಗ್ಗುತ್ತಿರುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ‘ಲೋಡ್ ಹಿಡೀತಿಲ್ಲ’ ಎನ್ನುತ್ತಾರೆ. ಆಗ ಸಾಮಾನ್ಯವಾಗಿ ಮೂರು ಮದ್ದು ನಡೆಯುತ್ತವೆ: ಕೈಗೆ ಸಿಕ್ಕ ಎಣ್ಣೆ ಸುರಿಯುವುದು, ಹ್ಯಾಂಡಲ್‌ಗೆ ಉದ್ದನೆಯ ಪೈಪು ಸಿಕ್ಕಿಸಿ ಇಬ್ಬರು ಜೋತುಬೀಳುವುದು, ಜಾಕಿಯ ಬುಡದಲ್ಲಿ ಕಾಣುವ ಸ್ಕ್ರೂ ಒಂದನ್ನು ಇನ್ನಷ್ಟು ಬಿಗಿ ಮಾಡುವುದು. ಮೊದಲನೆಯದರಿಂದ ಜಾಕಿ ಕೆಡುತ್ತದೆ. ಉಳಿದೆರಡರಿಂದ ಕೆಲಸ ಮಾಡುವವರ ಕೈ, ಕಣ್ಣಿಗೇ ಅಪಾಯ.

ಇದು ಯಾವುದೂ ಬೇಕಾಗಿಲ್ಲ. ಚಿಕ್ಕ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಅಡಗಿಸಿಕೊಳ್ಳಲು ಹೆಚ್ಚೇನೂ ಇಲ್ಲ. ಒಂದು ಪಂಪು, ಒಂದು ಸಿಲಿಂಡರು, ಎಣ್ಣೆಯ ದಾರಿ ಮುಚ್ಚುವ ಎರಡು ಮೂರು ಉಕ್ಕಿನ ಗುಂಡು, ನಾಲ್ಕಾರು ಸೀಲು, ಒಂದಷ್ಟು ಎಣ್ಣೆ. ಏನು ಕೆಟ್ಟಿದೆ ಎನ್ನುವುದನ್ನು ಅದು ಸ್ಪ್ಯಾನರ್ ಮುಟ್ಟುವ ಮೊದಲೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ಅದನ್ನು ಗಮನಿಸುವ ತಾಳ್ಮೆ ಇದ್ದರೆ ಅರ್ಧ ರಿಪೇರಿ ಮುಗಿದ ಹಾಗೆ.

ನಮ್ಮ ಊರುಗಳ ಗ್ಯಾರೇಜು, ಲೇತ್ ಅಂಗಡಿ, ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು 10ರಿಂದ 30 ಟನ್ನಿನ ಪ್ರೆಸ್. ಎರಡು ಕಂಬ, ಮೇಲೊಂದು ಅಡ್ಡತೊಲೆ, ನಡುವೆ ಪಿನ್ನುಗಳ ಮೇಲೆ ಕೂರುವ ಹಾಸು. ಮೇಲಿನ ತೊಲೆಯಿಂದ ಎರಡು ಸ್ಪ್ರಿಂಗ್‌ಗಳಲ್ಲಿ ಒಂದು ದಪ್ಪ ಪಟ್ಟಿ ನೇತಾಡುತ್ತಿರುತ್ತದೆ. ಅದರ ಮೇಲೆ ಲಾರಿಯವರು ಬಳಸುವಂಥದೇ ಬಾಟಲ್ ಜಾಕಿ. ಜಾಕಿಯೊಳಗಿನ ದಪ್ಪ ಉಕ್ಕಿನ ದಂಡ, ಅಂದರೆ ರಾಮ್, ಮೇಲಕ್ಕೆ ಚಾಚಿ ತೊಲೆಯನ್ನು ಒದೆಯುತ್ತದೆ. ತೊಲೆ ಅಲುಗದ ಕಾರಣ ಜಾಕಿಯೇ ಪಟ್ಟಿಯ ಸಮೇತ ಕೆಳಗಿಳಿದು ಕೆಲಸವನ್ನು ಅದುಮುತ್ತದೆ. ಜಾಕಿಯನ್ನು ನೇರವಾಗಿ ತಲೆಕೆಳಗೆ ಮಾಡಿ ಕಟ್ಟಬಹುದಿತ್ತಲ್ಲ ಎಂದು ಹೊಸಬರಿಗೆ ಅನಿಸುವುದುಂಟು. ಹಾಗೆ ಕಟ್ಟಿದರೆ ಎಣ್ಣೆ ಹೀರುವ ತೂತು ಮೇಲಾಗಿ, ಪಂಪು ಎಣ್ಣೆಯ ಬದಲು ಗಾಳಿ ಕುಡಿಯುತ್ತದೆ. ಮನೆಯಲ್ಲೇ ಪ್ರೆಸ್ ಬೆಸೆದುಕೊಂಡವರು ‘ಹೊಸ ಜಾಕಿಯೂ ಕೆಲಸ ಮಾಡ್ತಿಲ್ಲ’ ಎನ್ನುವುದಕ್ಕೆ ಇದೂ ಒಂದು ಕಾರಣ.

ಒಳಗೆ ಹುಟ್ಟುವ ಒತ್ತಡ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ರಾಮ್‌ನ ವ್ಯಾಸ 60 ಮಿ.ಮೀ. ಎಂದಿಟ್ಟುಕೊಳ್ಳೋಣ. ಅದರ ಮುಖದ ವಿಸ್ತೀರ್ಣ ಸುಮಾರು 28 ಚದರ ಸೆಂಟಿಮೀಟರ್. 20 ಟನ್ ಭಾರ ಹೊತ್ತಾಗ ಒಂದೊಂದು ಚದರ ಸೆಂಟಿಮೀಟರಿನ ಮೇಲೆ 700 ಕಿಲೋಗ್ರಾಂ ಕೂತಿರುತ್ತದೆ. ಕಾರಿನ ಟಯರಿನಲ್ಲಿ ಇರುವುದು ಹೆಚ್ಚೆಂದರೆ ಎರಡು, ಎರಡೂವರೆ. ಹ್ಯಾಂಡಲ್ ಒತ್ತುವ ಪಂಪಿನ ಸಣ್ಣ ದಂಡ, ಅಂದರೆ ಪ್ಲಂಜರ್, 12 ಮಿ.ಮೀ. ಇದ್ದರೆ ರಾಮ್‌ನ ಮುಖ ಅದರ 25 ಪಟ್ಟು. ಹಾಗಾಗಿ ಪ್ಲಂಜರ್ 25 ಮಿ.ಮೀ. ಇಳಿದಾಗ ರಾಮ್ ಏರುವುದು ಒಂದೇ ಮಿಲಿಮೀಟರ್. ಪ್ಲಂಜರ್ ಮೇಲೆ ಬೀಳಬೇಕಾದ 800 ಕಿಲೋ ಬಲವನ್ನು ಹ್ಯಾಂಡಲ್‌ನ ಸನ್ನೆ ಹದಿನಾರನೇ ಒಂದು ಪಾಲಿಗೆ ಇಳಿಸಿದರೆ ಕೈಯಿಂದ ಬೇಕಾದದ್ದು 50 ಕಿಲೋ. ಒಬ್ಬ ಮನುಷ್ಯ ತನ್ನ ಮೈಭಾರ ಹಾಕಿದರೆ ಸಾಕು ಎನ್ನುವಂತೆ ಆ ಹ್ಯಾಂಡಲ್‌ನ ಉದ್ದವನ್ನು ಅಳೆದೇ ಇಟ್ಟಿರುತ್ತಾರೆ. ಅದಕ್ಕೆ ಪೈಪು ಸಿಕ್ಕಿಸಬಾರದು ಎನ್ನುವುದು ಈ ಲೆಕ್ಕದಿಂದಲೇ.

ನಿಂತ ದ್ರವದ ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ತೋರಿಸಿದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಆ ಕುರಿತ ಅವನ ಪುಸ್ತಕ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ. ಅದು ಯಂತ್ರವಾಗಲು ಮತ್ತೆ ನೂರಮೂವತ್ತು ವರ್ಷ ಬೇಕಾಯಿತು. 1795ರಲ್ಲಿ ಲಂಡನ್ನಿನ ಬೀಗ ತಯಾರಕ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ತತ್ವ ಗೊತ್ತಿದ್ದರೂ ಅವನನ್ನು ಕಾಡಿದ್ದು ಇಂದಿನ ಗ್ಯಾರೇಜನ್ನು ಕಾಡುವ ತೊಂದರೆಯೇ: ರಾಮ್ ಸುತ್ತ ಸೋರಿಕೆ. ಸೋರದಂತೆ ಬಿಗಿಯಾಗಿ ಕಟ್ಟಿದರೆ ರಾಮ್ ಹಿಂದಕ್ಕೆ ಬರುವುದಿಲ್ಲ, ಸಡಿಲ ಬಿಟ್ಟರೆ ಸೋರುತ್ತದೆ. ಬಟ್ಟಲಿನಂತೆ ತುಟಿ ಮಡಿಸಿದ ತೊಗಲಿನ ಸೀಲು ಇದಕ್ಕೆ ಪರಿಹಾರವಾಯಿತು. ಅದನ್ನು ರೂಪಿಸಿದ ಶ್ರೇಯಸ್ಸು ಬ್ರಾಮಾನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್‌ಸ್ಲೆಗೆ ಸಲ್ಲುತ್ತದೆ. ಒತ್ತಡ ಏರಿದಷ್ಟೂ ದ್ರವವೇ ಆ ತುಟಿಯನ್ನು ಅರಳಿಸಿ ಗೋಡೆಗೆ ಒತ್ತುತ್ತದೆ. ಒತ್ತಡ ಇಳಿದರೆ ತುಟಿ ಸಡಿಲಗೊಂಡು ರಾಮ್‌ಗೆ ದಾರಿ ಬಿಡುತ್ತದೆ. ತೊಗಲಿನ ಜಾಗಕ್ಕೆ ಈಗ ನೈಟ್ರೈಲ್ ರಬ್ಬರ್, ಪಾಲಿಯುರೆಥೇನ್ ಬಂದಿವೆ. ಉಪಾಯ ಮಾತ್ರ ಅದೇ. ಹೊಸ ಸೀಲು ಹಾಕುವಾಗ ತುಟಿ ಒತ್ತಡದ ಕಡೆಗೇ ಮುಖ ಮಾಡಿರಬೇಕು ಎನ್ನುವುದು ಇದಕ್ಕಾಗಿ. ತಿರುವುಮುರುವಾದರೆ ಎಷ್ಟೇ ದುಬಾರಿ ಸೀಲಾದರೂ ಮೊದಲ ಹೊಡೆತಕ್ಕೇ ಸೋರುತ್ತದೆ.

ಬಿಚ್ಚುವ ಮೊದಲು

ಪ್ರೆಸ್ ಲೋಡ್ ಹಿಡಿಯುತ್ತಿಲ್ಲ ಎಂದಾಗ ಮೊದಲು ನೋಡಬೇಕಾದ್ದು ರಾಮ್ ಇಳಿಸಲು ತೆರೆಯುವ ಬಿಡುಗಡೆಯ ಸ್ಕ್ರೂ ಪೂರ್ತಿ ಮುಚ್ಚಿದೆಯೇ ಎಂದು. ಹೇಳಲೇಬೇಕಾಗಿಲ್ಲದ ಮಾತಿನಂತೆ ಕಾಣುತ್ತದೆ. ಆದರೆ ಸ್ಕ್ರೂವಿನ ತುದಿಯಲ್ಲಿ ಒಂದು ಕಣ ಲೋಹದ ಪುಡಿ ಕೂತಿದ್ದರೂ ಅದು ಮುಚ್ಚಿದಂತೆ ಕಂಡು ಮುಚ್ಚಿರುವುದಿಲ್ಲ. ಆಮೇಲೆ ಎಣ್ಣೆ. ಜಾಕಿಯನ್ನು ನೆಟ್ಟಗೆ ನಿಲ್ಲಿಸಿ, ರಾಮ್ ಪೂರ್ತಿ ಇಳಿಸಿ, ಪಕ್ಕದ ರಬ್ಬರ್ ಬಿರಡೆ ತೆಗೆದರೆ ಎಣ್ಣೆ ಆ ತೂತಿನ ಕೆಳ ಅಂಚಿಗೆ ಬಂದು ನಿಂತಿರಬೇಕು. ರಾಮ್ ಏರಿರುವಾಗ ನೋಡಿ ‘ಕಮ್ಮಿ ಇದೆ’ ಎಂದು ತುಂಬಿಸಿದರೆ, ಇಳಿಸುವಾಗ ಹೆಚ್ಚಾದ ಎಣ್ಣೆಗೆ ಜಾಗವಿಲ್ಲದೆ ಬಿರಡೆ ಹಾರುತ್ತದೆ. ರಾಮ್ ಒಂದು ಎತ್ತರದವರೆಗೆ ಚೆನ್ನಾಗಿ ಏರಿ ಅಲ್ಲಿಗೇ ನಿಂತುಬಿಟ್ಟರೆ ಎಣ್ಣೆ ಸಾಲದಾಗಿದೆ ಎಂದೇ ತಿಳಿಯಬಹುದು.

ಹ್ಯಾಂಡಲ್ ಒತ್ತಿದಾಗ ಹಾಸಿಗೆ ಒತ್ತಿದಂತೆ ಮೆತ್ತಗೆ ಕುಗ್ಗಿ ಮತ್ತೆ ಪುಟಿದರೆ ಒಳಗೆ ಗಾಳಿ ಸೇರಿದೆ. ಬಿಡುಗಡೆಯ ಸ್ಕ್ರೂ ತೆರೆದಿಟ್ಟು, ಬಿರಡೆಯನ್ನೂ ತೆಗೆದು, ಹ್ಯಾಂಡಲನ್ನು ಬೇಗ ಬೇಗ ಹತ್ತು ಹದಿನೈದು ಸಲ ಪೂರ್ತಿ ಹೊಡೆದರೆ ಗಾಳಿ ಜಾಕಿಯ ಎಣ್ಣೆ ಟ್ಯಾಂಕಿಗೆ ಹೊರಟುಹೋಗುತ್ತದೆ. ಅಡ್ಡಡ್ಡ ಮಲಗಿಸಿ ಸಾಗಿಸಿದ ಹೊಸ ಜಾಕಿಗೂ ಇದನ್ನು ಮಾಡಬೇಕು. ಎಷ್ಟೋ ಜಾಕಿಗಳು ಇಷ್ಟರಲ್ಲೇ ಸರಿಹೋಗುತ್ತವೆ.

ಗಾಳಿಯೂ ಇಲ್ಲ, ಎಣ್ಣೆಯೂ ಸರಿಯಿದೆ ಎಂದಾದರೆ ಹಾಸಿನ ಮೇಲೆ ದಪ್ಪ ಉಕ್ಕಿನ ತುಂಡು ಇಟ್ಟು ಸ್ವಲ್ಪವೇ ಲೋಡ್ ಕೊಟ್ಟು, ಕೈ ತೆಗೆದು, ಬದಿಗೆ ನಿಂತು ನೋಡಬೇಕು. ಇಲ್ಲಿ ಪ್ರೆಸ್ ಮಾತಾಡಲು ಶುರುಮಾಡುತ್ತದೆ. ಹ್ಯಾಂಡಲ್ ತಾನಾಗಿ ಮೇಲೇಳುತ್ತಿದ್ದರೆ, ರಾಮ್ ಕೆಳಗಿನ ಎಣ್ಣೆ ಪಂಪಿಗೆ ವಾಪಸು ಬರುತ್ತಿದೆ. ಪಂಪಿನಿಂದ ಸಿಲಿಂಡರಿಗೆ ಹೋಗುವ ದಾರಿಯ ಗುಂಡು ತನ್ನ ಸೀಟಿನಲ್ಲಿ ಕೂರುತ್ತಿಲ್ಲ. ಹ್ಯಾಂಡಲ್ ಯಾವ ತಡೆಯೂ ಇಲ್ಲದೆ ಇಳಿದು, ರಾಮ್ ಏರದೇ ಇದ್ದರೆ ಟ್ಯಾಂಕಿನಿಂದ ಎಣ್ಣೆ ಹೀರುವ ದಾರಿಯ ಗುಂಡಿನದು ತಪ್ಪು. ಹ್ಯಾಂಡಲ್ ನಿಂತಲ್ಲೇ ನಿಂತು ರಾಮ್ ಮಾತ್ರ ಇಳಿಯುತ್ತಿದ್ದರೆ ಒಂದೋ ಬಿಡುಗಡೆಯ ವಾಲ್ವ್, ಇಲ್ಲವೇ ರಾಮ್‌ನ ಸೀಲು. ರಾಮ್ ಸುತ್ತ ಎಣ್ಣೆ ಜಿನುಗಿದ್ದರೆ ಸೀಲಿನ ಮೇಲೆ ಅನುಮಾನ. ಒಣಗಿದ್ದರೆ ಬಹಳ ಸಲ ವಾಲ್ವಿನದೇ ಕೆಲಸ. ಒತ್ತಿದ್ದು ಬಿಟ್ಟ ಮೇಲೂ ಪಟ್ಟಿ ಮೇಲೇಳುವುದಿಲ್ಲ ಎಂಬ ದೂರಿಗಂತೂ ಜಾಕಿ ಬಿಚ್ಚುವುದೇ ಬೇಡ. ಸ್ಪ್ರಿಂಗ್ ಸೊರಗಿದೆಯೋ, ಕೊಕ್ಕೆ ಕಳಚಿದೆಯೋ, ಪಟ್ಟಿ ಓರೆಯಾಗಿ ಕಂಬಕ್ಕೆ ಸಿಕ್ಕಿಕೊಂಡಿದೆಯೋ ನೋಡಿದರೆ ಸಾಕು.

ಇನ್ನೊಂದು ಲಕ್ಷಣವುಂಟು. ಹ್ಯಾಂಡಲ್ ಚೆನ್ನಾಗಿ ಗಟ್ಟಿಯಾಗುತ್ತದೆ, ಆಮೇಲೆ ಒಂದು ಹಂತದಲ್ಲಿ ಸಡಿಲಗೊಂಡು ಇಳಿದುಬಿಡುತ್ತದೆ. ಮತ್ತೆ ಒತ್ತಿದರೆ ಮತ್ತೆ ಹಾಗೇ. ಇದು ಸುರಕ್ಷತಾ ವಾಲ್ವ್ ತೆರೆದುಕೊಳ್ಳುವ ರೀತಿ. ಕಾರ್ಖಾನೆಯಲ್ಲಿ ಗೇಜ್ ಹಾಕಿ ಹೊಂದಿಸಿದ ಸ್ಪ್ರಿಂಗ್ ಅದು. ಜಾಕಿಯ ಮಿತಿ ಮೀರಿದಾಗ ಎಣ್ಣೆಯನ್ನು ಟ್ಯಾಂಕಿಗೆ ಬಿಟ್ಟು, ಸಿಲಿಂಡರ್ ಬಿರಿಯದಂತೆ ಕಾಯುವುದು ಅದರ ಕರ್ತವ್ಯ. ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ಜಾಕಿ ಕೆಟ್ಟಿಲ್ಲ, ಕೆಲಸ ದೊಡ್ಡದು. ಆ ಸ್ಪ್ರಿಂಗನ್ನು ಹೊಂದಿಸುವ, ಜಾಕಿಯ ಬುಡದ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿ ‘ನೋಡಣ್ಣ, ಈಗ ಪ್ರೆಶರ್ ಬಂತು’ ಎನ್ನುವುದು ನಮ್ಮಲ್ಲಿ ಜಾಣತನವೆನಿಸಿಕೊಂಡಿದೆ. ಅದು ಜಾಣತನವಲ್ಲ. 20 ಟನ್ನಿನ ಚೌಕಟ್ಟು, ಪಿನ್ನು, ಬೆಸುಗೆಗಳಿಗೆ 30 ಟನ್ ಹೇರಿ, ಅದರ ಮುಂದೆ ಮುಖವಿಟ್ಟು ನಿಲ್ಲುವುದು. ರಿಪೇರಿಯಲ್ಲಿ ಮುಟ್ಟಬಾರದ ಭಾಗ ಒಂದೇ ಇದ್ದರೆ ಅದು ಈ ವಾಲ್ವ್.

ಗುಂಡು ಮತ್ತು ಸೀಲು

ಬಿಚ್ಚುವ ಮುನ್ನ ಒತ್ತಡ ಇಳಿಸಬೇಕು: ಬಿಡುಗಡೆಯ ಸ್ಕ್ರೂ ತೆರೆದು, ರಾಮ್ ಪೂರ್ತಿ ಕೆಳಗೆ ಕೂತದ್ದನ್ನು ಕಣ್ಣಾರೆ ನೋಡಿ, ಹ್ಯಾಂಡಲ್ ಎರಡು ಸಲ ಆಡಿಸಿ. ಗೇಜ್ ಇರುವ ಪ್ರೆಸ್ಸಿನಲ್ಲಿ ಮುಳ್ಳು ಸೊನ್ನೆಗೆ ಬಂದಿದೆ ಎಂದು ಮಾತ್ರ ನಂಬಿ ಕೂರುವಂತಿಲ್ಲ. ಗೇಜಿನ ಸಣ್ಣ ತೂತಿನಲ್ಲಿ ಕಸ ಕೂತಿದ್ದರೆ ಒಳಗೆ ಒತ್ತಡವಿದ್ದೂ ಮುಳ್ಳು ಸೊನ್ನೆಯಲ್ಲೇ ಇರುತ್ತದೆ. ಯಾವ ನಟ್ಟನ್ನೇ ಆಗಲಿ, ದಪ್ಪ ಬಟ್ಟೆ ಸುತ್ತಿ, ಮುಖ ಬೇರೆ ಕಡೆಗಿಟ್ಟು, ಮೊದಲು ಕಾಲು ಸುತ್ತು ಸಡಿಲಿಸಿ ಕಾಯುವುದು ಒಳ್ಳೆಯ ಮೇಸ್ತ್ರಿಗಳ ರೂಢಿ. ಜಾಕಿಯ ಮೇಲಿನ ದೊಡ್ಡ ನಟ್ಟು ತುಕ್ಕು ಹಿಡಿದು ಬರದಿದ್ದರೆ ಗ್ಯಾಸ್ ಜ್ವಾಲೆ ಹಿಡಿಯುವವರಿದ್ದಾರೆ. ಒಳಗೆ ಎಣ್ಣೆ ತುಂಬಿದ, ಎಲ್ಲ ಕಡೆ ಮುಚ್ಚಿದ ಪಾತ್ರೆ ಅದು; ಅದಕ್ಕೆ ಬೆಂಕಿ ಕೊಡಲೇಬಾರದು.

ಹೊರಮೈ ತೊಳೆಯದೆ ಒಳಮೈ ತೆರೆಯಬಾರದು. ಗ್ಯಾರೇಜಿನ ಜಾಕಿಯ ಮೇಲೆ ವರ್ಷಗಳ ಗ್ರೀಸು, ಮಣ್ಣು, ಗ್ರೈಂಡಿಂಗ್ ಪುಡಿ ಮೆತ್ತಿರುತ್ತದೆ. ಅದರಲ್ಲಿ ಒಂದು ಕಣ ವಾಲ್ವಿನ ಸೀಟಿಗೆ ಬಿದ್ದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತೆ. ಬಿಚ್ಚಿದ ಭಾಗಗಳನ್ನು ಮೊಟ್ಟೆಯ ಟ್ರೇಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಡುತ್ತಾ ಹೋಗಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳುವುದು ಲೇಸು. ಬಿಡುಗಡೆಯ ಸ್ಕ್ರೂ ಪೂರ್ತಿ ಹೊರಬಂದಾಗ ಅದರ ಹಿಂದಿನ ಗುಂಡು ಸದ್ದಿಲ್ಲದೆ ಉರುಳಿ ಮೇಜಿನ ಕೆಳಗೆ ಹೋಗುತ್ತದೆ. ಹೀರುವ ದಾರಿಯ ಗುಂಡೂ ಕಳಿಸುವ ದಾರಿಯ ಗುಂಡೂ ಅಳತೆಯಲ್ಲಿ ಬೇರೆ ಬೇರೆ ಇರಬಹುದು. ಅದಲುಬದಲಾದರೆ ಜಾಕಿ ಸತ್ತಂತೆ ಬಿದ್ದಿರುತ್ತದೆ, ಕಾರಣವೂ ಹೊಳೆಯುವುದಿಲ್ಲ.

ಗುಂಡನ್ನು ಅಯಸ್ಕಾಂತದ ತುದಿಯಿಂದ ಎತ್ತಿ, ಒರೆಸಿ, ಬೆಳಕಿಗೆ ಹಿಡಿದು ತಿರುಗಿಸಬೇಕು. ಒಳ್ಳೆಯ ಗುಂಡು ಕನ್ನಡಿಯಂತೆ ಮಿನುಗುತ್ತದೆ. ಕೆಟ್ಟದ್ದರ ಮೇಲೆ ಉಂಗುರದಾಕಾರದ ಮಾಸಲು ಗೆರೆ, ಇಲ್ಲವೆ ತುಕ್ಕಿನ ಚುಕ್ಕೆ ಕಾಣುತ್ತದೆ. ಎಣ್ಣೆಯಲ್ಲಿ ನೀರು ಸೇರಿದ್ದರೆ ತುಕ್ಕು ಖಂಡಿತ. ಅಂಥ ಎಣ್ಣೆ ಹಾಲು ಬೆರೆತ ಬಣ್ಣಕ್ಕೆ ತಿರುಗಿರುತ್ತದೆ. ಬೇರಿಂಗ್ ಅಂಗಡಿಯಲ್ಲಿ ಅದೇ ಅಳತೆಯ ಗುಂಡು ಪುಡಿಗಾಸಿಗೆ ಸಿಗುತ್ತದೆ. ಎರಡು ತರಬೇಕು. ಸೀಟನ್ನು ಡೀಸೆಲ್‌ನಲ್ಲಿ ತೊಳೆದು, ಗಾಳಿ ಊದಿ ಒಣಗಿಸಿ, ಮೊದಲ ಗುಂಡನ್ನು ಅದರಲ್ಲಿ ಕೂರಿಸಿ, ಹಿತ್ತಾಳೆಯ ಸರಳನ್ನು ನೆಟ್ಟಗೆ ಹಿಡಿದು ಸಣ್ಣ ಸುತ್ತಿಗೆಯಿಂದ ಒಂದೇ ಹದವಾದ ಪೆಟ್ಟು. ಸೀಟಿನ ಅಂಚಿನ ಮೇಲೆ ಕೂದಲೆಳೆಯಷ್ಟು ಅಗಲದ ಹೊಸ ಉಂಗುರ ಮೂಡುತ್ತದೆ. ಪೆಟ್ಟು ತಿಂದ ಆ ಗುಂಡನ್ನು ಬಿಸಾಡಿ ಎರಡನೆಯದನ್ನು ಹಾಕಬೇಕು. ಜೋರಾಗಿ ಹೊಡೆದರೆ ಸೀಟು ಅಗಲವಾಗಿ ಮತ್ತೆಂದೂ ಹಿಡಿಯದಂತಾಗುತ್ತದೆ. ಈ ಒಂದು ಪೆಟ್ಟಿನ ಹದ ಕಲಿತವರ ಕೈಯಲ್ಲಿ ಎಷ್ಟೋ ಹಳೆಯ ಜಾಕಿಗಳು ಇನ್ನೂ ದುಡಿಯುತ್ತಿವೆ.

ಸೀಲುಗಳ ವಿಷಯಕ್ಕೆ ಬಂದರೆ, ಹಳೆಯ ಸೀಲನ್ನು ಅಳೆದು ಹೊಸದು ತರುವುದು ಸಾಮಾನ್ಯ ತಪ್ಪು. ಎಣ್ಣೆಯಲ್ಲಿ ವರ್ಷಗಟ್ಟಲೆ ನೆನೆದ ರಬ್ಬರ್ ಊದಿಕೊಂಡಿರುತ್ತದೆ, ಇಲ್ಲವೆ ಸವೆದಿರುತ್ತದೆ. ಅಳೆಯಬೇಕಾದ್ದು ರಾಮ್‌ನ ವ್ಯಾಸ, ಸಿಲಿಂಡರಿನ ಒಳವ್ಯಾಸ, ಸೀಲು ಕೂರುವ ಕಾಲುವೆಯ ಅಗಲ ಮತ್ತು ಆಳ. ಈ ನಾಲ್ಕು ಅಳತೆ ಕೈಯಲ್ಲಿದ್ದರೆ ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಸೀಲು ಹುಡುಕುವುದು ಕಷ್ಟವಲ್ಲ. ಓ-ರಿಂಗ್ ಜೊತೆ ಬಿಳಿಯ ಟೆಫ್ಲಾನ್ ಬಳೆಯೊಂದು ಇದ್ದರೆ ಅದನ್ನು ‘ಎಕ್ಸ್‌ಟ್ರಾ’ ಎಂದು ಬಿಡುವಂತಿಲ್ಲ. ಎಣ್ಣೆಯ ಒತ್ತಡಕ್ಕೆ ಓ-ರಿಂಗ್ ಸಂದಿಯೊಳಗೆ ನುಗ್ಗಿ ಹರಿಯದಂತೆ ತಡೆಯುವುದೇ ಅದು. ಸ್ಕ್ರೂ ಡ್ರೈವರ್ ತುದಿಯಿಂದ ಸೀಲು ಎಬ್ಬಿಸಿದರೆ ಕಾಲುವೆಯಲ್ಲಿ ಗೀರು ಬೀಳುತ್ತದೆ. ಮರದ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿ ಬಳಸಬೇಕು. ಹೊಸ ಸೀಲು ದಾಟಿಹೋಗುವ ತಿರುಪಿನ ಮರೆಗಳ (ಥ್ರೆಡ್) ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಎಣ್ಣೆ ಸವರಿ ಜಾರಿಸಬೇಕು. ರಾಮ್‌ನ ಹೊಳಪು ಬಹಳ ಸಲ ಗಟ್ಟಿ ಕ್ರೋಮ್ ಲೇಪನದ್ದು. ಅದನ್ನು ಪೈಪ್ ರೆಂಚಿನಿಂದ ಹಿಡಿದು ತಿರುಗಿಸಿದ ದಿನವೇ ಮುಂದಿನ ಸೋರಿಕೆ ಶುರುವಾಯಿತೆನ್ನಬೇಕು. ಎಳೆ ಎಳೆಯಾಗಿ ಬಿಡುವ ಟೆಫ್ಲಾನ್ ಟೇಪನ್ನು ಜಾಕಿಯ ಮರೆಗಳಿಗೆ ಸುತ್ತಬಾರದು. ಹರಿದ ಎಳೆ ನೇರವಾಗಿ ಗುಂಡಿನ ಕೆಳಗೆ ಹೋಗಿ ಕೂರುತ್ತದೆ. ಅಲ್ಲಿ ಬೇಕಾದ್ದು ತಾಮ್ರದ ವಾಷರ್ ಅಥವಾ ರಬ್ಬರ್ ಅಂಚಿನ ಡೌಟಿ ವಾಷರ್.

ಕೊನೆಗೆ ಎಣ್ಣೆ. ಬ್ರೇಕ್ ಆಯಿಲ್ ಕೂಡ ಒತ್ತಡದಲ್ಲೇ ಕೆಲಸ ಮಾಡುತ್ತದಲ್ಲ ಎಂದು ಅದನ್ನು ಸುರಿದವರ ಜಾಕಿ ಬೇಗ ಕೈಕೊಡುತ್ತದೆ. ಬ್ರೇಕ್ ಆಯಿಲ್ ಗ್ಲೈಕಾಲ್ ಆಧಾರಿತ. ಜಾಕಿಯ ನೈಟ್ರೈಲ್ ಸೀಲು ಅದರಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಬಳಸಿ ಕಪ್ಪಾದ ಎಂಜಿನ್ ಆಯಿಲ್‌ನಲ್ಲಿ ಮಸಿಯೂ ಲೋಹದ ಪುಡಿಯೂ ಇರುತ್ತದೆ. ತಯಾರಕರು ಬೇರೆ ಹೇಳಿರದಿದ್ದರೆ ಕೈಜಾಕಿಗೆ 32ನೇ ದರ್ಜೆಯ ಹೈಡ್ರಾಲಿಕ್ ಎಣ್ಣೆ ಹೊಂದುತ್ತದೆ. ಮೋಟಾರಿನಿಂದ ಓಡುವ ಪವರ್ ಪ್ಯಾಕಿಗೆ ಸಾಮಾನ್ಯವಾಗಿ 46 ಅಥವಾ 68.

ಸೂಜಿ ಚುಚ್ಚಿದಂಥ ಗಾಯ

ಈ ಇಡೀ ವಿಷಯದಲ್ಲಿ ನಮ್ಮ ಕೆಲಸಗಾರರಿಗೆ ಯಾರೂ ಹೇಳಿಕೊಡದ ಅಪಾಯ ಒಂದಿದೆ. ಹೋಸ್ ಪೈಪಿನಲ್ಲೋ ಜೋಡಣೆಯಲ್ಲೋ ಸೂಜಿಮೊನೆಯಷ್ಟು ಸೋರಿಕೆ ಇದ್ದಾಗ, ಎಲ್ಲಿಂದ ಬರುತ್ತಿದೆ ನೋಡೋಣವೆಂದು ಬೆರಳು ಆಡಿಸುತ್ತಾರೆ. ಸುಮಾರು 7 ಬಾರ್ (ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋ) ಒತ್ತಡದಲ್ಲೇ ದ್ರವದ ಸಣ್ಣ ಚಿಲುಮೆ ಚರ್ಮ ಸೀಳಿ ಒಳಹೋಗಬಲ್ಲದು ಎನ್ನುತ್ತಾರೆ ತಜ್ಞರು. ಪ್ರೆಸ್ಸಿನಲ್ಲಿ ಇರುವುದು ಅದರ ಹತ್ತಾರು ಪಟ್ಟು, ಕೆಲವೊಮ್ಮೆ ನೂರು ಪಟ್ಟು. ಕೈಗವಸು ಇದನ್ನು ತಡೆಯುವುದಿಲ್ಲ.

ಗಾಯ ನೋಡಲು ಏನೂ ಅಲ್ಲ. ಬೆರಳ ತುದಿಯಲ್ಲೊಂದು ಚುಕ್ಕೆ, ಹೆಚ್ಚೆಂದರೆ ಒಂದು ಹನಿ ರಕ್ತ. ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾತ್ರ ಎಣ್ಣೆ ನರ, ಸ್ನಾಯುರಜ್ಜುಗಳ ಗುಂಟ ಅಂಗೈವರೆಗೂ ಹರಡಿರಬಹುದು. ಕೆಲವು ಗಂಟೆಗಳಲ್ಲಿ ಬೆರಳು ಊದಿ, ರಕ್ತಸಂಚಾರ ಕಟ್ಟಿ, ಅಂಗಾಂಶ ಸಾಯಲು ಶುರುವಾಗುತ್ತದೆ. ಬೆರಳನ್ನೇ ತೆಗೆಯಬೇಕಾದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿ ಬೇಕಾದಷ್ಟಿವೆ. ಅರಿಶಿನ ಹಚ್ಚಿ, ಪಟ್ಟಿ ಸುತ್ತಿ, ಟಿಟಿ ಇಂಜೆಕ್ಷನ್ ತೆಗೆದುಕೊಂಡು ಮನೆಗೆ ಹೋಗುವ ಗಾಯ ಇದಲ್ಲ. ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ತಕ್ಷಣ ಹೋಗಿ, ‘ಹೈಡ್ರಾಲಿಕ್ ಎಣ್ಣೆ ಒತ್ತಡದಿಂದ ಒಳಗೆ ಹೊಕ್ಕಿದೆ’ ಎಂದು ಸ್ಪಷ್ಟವಾಗಿ ಹೇಳಬೇಕು. ಚುಕ್ಕೆ ನೋಡಿ ಹಗುರವಾಗಿ ತೆಗೆದುಕೊಂಡರೆ ಮತ್ತೆ ಮತ್ತೆ ಹೇಳಬೇಕು. ಎಣ್ಣೆಯ ಡಬ್ಬಿಯನ್ನು ಜೊತೆಗೆ ಒಯ್ಯುವುದು, ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಏನೂ ತಿನ್ನದಿರುವುದು, ಗಾಯವನ್ನು ಹಿಂಡದಿರುವುದು, ಶಾಖ ಕೊಡದಿರುವುದು ಇವೆಲ್ಲ ನೆರವಾಗುತ್ತವೆ. ಮೊದಲ ಆರು ಗಂಟೆಯೊಳಗೆ ಒಳಗಿನ ಎಣ್ಣೆ ತೆಗೆದರೆ ಬೆರಳು ಉಳಿಯುವ ಸಾಧ್ಯತೆ ಹೆಚ್ಚು.

ಸೋರಿಕೆ ಹುಡುಕಲು ಬೇಕಾದ್ದು ಒಂದು ರಟ್ಟಿನ ತುಂಡು. ಉದ್ದನೆಯ ಕಡ್ಡಿಗೆ ಸಿಕ್ಕಿಸಿ ದೂರದಿಂದ ಪೈಪಿನ ಗುಂಟ ಆಡಿಸಿದರೆ ಎಣ್ಣೆ ಚಿಮ್ಮುವಲ್ಲಿ ಕಲೆ ಮೂಡುತ್ತದೆ.

ಒತ್ತುವ ವಸ್ತುವೂ ಅಪಾಯದ್ದೇ. ಬೇರಿಂಗಿನ ಉಂಗುರ ಗಟ್ಟಿಗೊಳಿಸಿದ ಉಕ್ಕು. ಅದು ಬಾಗುವುದಿಲ್ಲ, ಸಿಡಿಯುತ್ತದೆ. ಶಾಫ್ಟಿಗೆ ಏರಿಸುವಾಗ ಒಳ ಉಂಗುರದ ಮೇಲೆ, ಹೌಸಿಂಗಿಗೆ ಇಳಿಸುವಾಗ ಹೊರ ಉಂಗುರದ ಮೇಲೆ ಒತ್ತಡ ಬೀಳಬೇಕು. ತಪ್ಪಿದರೆ ಇಡೀ ಬಲ ನಡುವಿನ ಗುಂಡುಗಳ ಮೂಲಕ ಹಾದುಹೋಗಿ ಬೇರಿಂಗ್ ಹಾಳಾಗುತ್ತದೆ, ಕೆಲವೊಮ್ಮೆ ಒಡೆದು ಚೂರು ಗುಂಡೇಟಿನಂತೆ ಹಾರುತ್ತದೆ. ಪ್ರೆಸ್ ಜೊತೆ ಬರುವ ಬೀಡು ಕಬ್ಬಿಣದ ಅಚ್ಚುಪಟ್ಟಿಗಳೂ ಹಾಗೇ ಒಡೆದದ್ದುಂಟು. ಕನ್ನಡಕ ಬೇಕೇ ಬೇಕು. ಅದರ ಜೊತೆಗೆ ಕೆಲಸದ ಮುಂದೆ ದಪ್ಪ ಪಾಲಿಕಾರ್ಬೊನೇಟ್ ಹಲಗೆ ಅಥವಾ ಉಕ್ಕಿನ ಜಾಲರಿ ನಿಲ್ಲಿಸಿ, ತಾನು ಪಕ್ಕದಿಂದ ಹ್ಯಾಂಡಲ್ ಹೊಡೆಯಬೇಕು.

ದ್ರವದ ಒತ್ತಡವನ್ನೇ ನಂಬಿ ಭಾರದ ಕೆಳಗೆ ಕೈ ಹಾಕಬಾರದೆಂಬುದಕ್ಕೆ ಹಳೆಯ ನಿದರ್ಶನವೊಂದಿದೆ. ವೇಲ್ಸ್‌ನ ಮೆನಾಯ್ ಜಲಸಂಧಿಯ ಮೇಲೆ ರಾಬರ್ಟ್ ಸ್ಟೀಫನ್‌ಸನ್ ಬ್ರಿಟಾನಿಯಾ ಸೇತುವೆ ಕಟ್ಟುವಾಗ, ಸಾವಿರ ಟನ್ನಿಗೂ ಮೀರಿದ ಕಬ್ಬಿಣದ ಕೊಳವೆಗಳನ್ನು ಹೈಡ್ರಾಲಿಕ್ ಪ್ರೆಸ್ಸಿನಿಂದ ಎತ್ತಲಾಯಿತು. ಕೊಳವೆ ಏರಿದಂತೆಲ್ಲ ಅದರ ಕೆಳಗೆ ಆಧಾರ ತುಂಬುತ್ತಾ ಬರಬೇಕೆಂದು ಅವನು ಹಟ ಹಿಡಿದಿದ್ದ. 1849ರ ಆಗಸ್ಟಿನಲ್ಲಿ ಒಂದು ಪ್ರೆಸ್ಸಿನ ಸಿಲಿಂಡರ್ ಬುಡ ಒಡೆದುಹೋಯಿತು. ಕೊಳವೆ ಕೆಲವೇ ಇಂಚು ಕುಸಿದು ಆ ಆಧಾರದ ಮೇಲೆ ಕೂತಿತು. ಇಲ್ಲದಿದ್ದರೆ ಆ ಕೊಳವೆಯೇ ಉಳಿಯುತ್ತಿರಲಿಲ್ಲ. ನಮ್ಮ ಚಿಕ್ಕ ಪ್ರೆಸ್ಸಿನಲ್ಲಿ ಹಾಸಿನ ಪಿನ್ನು ಬದಲಿಸುವಾಗಲೋ, ಡೈ ಒರೆಸುವಾಗಲೋ ನಡುವೆ ಒಂದು ಉಕ್ಕಿನ ಅಥವಾ ಗಟ್ಟಿಮರದ ದಿಮ್ಮಿ ನಿಲ್ಲಿಸುವುದು ಇದೇ ಕ್ರಮ.

ಹಾಳೆತಟ್ಟೆಯ ಶೆಡ್ಡಿನಲ್ಲಿ

ಕರ್ನಾಟಕದಲ್ಲಿ ಹೈಡ್ರಾಲಿಕ್ ಪ್ರೆಸ್ ಗ್ಯಾರೇಜಿನಿಂದಾಚೆ ಬಂದು ಸೇರಿರುವುದು ಅಡಿಕೆ ಸೀಮೆಯ ಶೆಡ್ಡುಗಳಿಗೆ. ಕರಾವಳಿ, ಮಲೆನಾಡು, ದಾವಣಗೆರೆ ಕಡೆ ನೆನೆಸಿದ ಅಡಿಕೆ ಹಾಳೆಯನ್ನು ಬಿಸಿ ಡೈಗಳ ನಡುವೆ ಒತ್ತಿ ತಟ್ಟೆ, ಬಟ್ಟಲು ಮಾಡುತ್ತಾರೆ. ಸ್ವಸಹಾಯ ಸಂಘದ ಮಹಿಳೆಯರೇ ನಡೆಸುವ ಘಟಕಗಳೂ ಇವೆ. ಇಲ್ಲಿ ಕೈಜಾಕಿಯ ಬದಲು ಮೋಟಾರು, ಗೇರ್ ಪಂಪು, ಹೋಸ್ ಪೈಪು, ವಿದ್ಯುತ್ತಿನ ವಾಲ್ವ್ ಇರುತ್ತವೆ. ದೋಷಗಳ ಬಗೆಯೂ ಬೇರೆ.

ಮೋಟಾರು ಸರಾಗವಾಗಿ ತಿರುಗುತ್ತಿದೆ, ಆದರೆ ಸಿಲಿಂಡರ್ ಅಲುಗುತ್ತಿಲ್ಲ ಎಂದರೆ ಮೊದಲು ಮೋಟಾರು ಯಾವ ದಿಕ್ಕಿಗೆ ತಿರುಗುತ್ತಿದೆ ನೋಡಬೇಕು. ಟ್ರಾನ್ಸ್‌ಫಾರ್ಮರ್ ಬದಲಿಸಿದ ಮೇಲೋ, ಲೈನ್ ಕೆಲಸ ನಡೆದ ಮೇಲೋ ತ್ರೀ ಫೇಸ್‌ನಲ್ಲಿ ಎರಡು ಫೇಸ್ ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಪಂಪಿನ ಮೇಲೆ ಬಾಣದ ಗುರುತು ಇರುತ್ತದೆ. ಅದಕ್ಕೆ ವಿರುದ್ಧವಾಗಿ ತಿರುಗಿದರೆ ಎಣ್ಣೆ ಬರುವುದಿಲ್ಲ, ಹಾಗೇ ಓಡಿಸಿದರೆ ಪಂಪು ಒಣಗಿ ಸವೆಯುತ್ತದೆ. ಎಲೆಕ್ಟ್ರಿಷಿಯನ್ ಎರಡು ವೈರು ಬದಲಿಸಿದರೆ ಮುಗಿಯುವ ಕೆಲಸಕ್ಕೆ ಪಂಪನ್ನೇ ಬಿಚ್ಚಿ ಪಟ್ಟಣಕ್ಕೆ ಒಯ್ಯಬೇಕಿಲ್ಲ. ಪಂಪು ಕಿರ್ರೆಂದು ಅರಚುತ್ತಿದ್ದರೆ ಹೀರುವ ಜಾಲರಿ ಕಟ್ಟಿದೆ, ಇಲ್ಲವೆ ಎಣ್ಣೆ ಕಡಿಮೆಯಾಗಿದೆ. ಟ್ಯಾಂಕಿನಲ್ಲಿ ನೊರೆ ಏಳುತ್ತಿದ್ದರೆ ಹೀರುವ ಪೈಪಿನ ಜೋಡಣೆಯಿಂದ ಗಾಳಿ ನುಗ್ಗುತ್ತಿದೆ. ಟ್ಯಾಂಕು ಕೈ ಇಡಲಾರದಷ್ಟು ಸುಡುತ್ತಿದ್ದರೆ ಸಾಮಾನ್ಯವಾಗಿ ಎಣ್ಣೆ ಕೆಲಸಕ್ಕೆ ಹೋಗದೆ ಸುರಕ್ಷತಾ (ರಿಲೀಫ್) ವಾಲ್ವ್ ಮೂಲಕ ಸುತ್ತುತ್ತಿದೆ. ಆ ಶಾಖದಲ್ಲಿ ಸೀಲುಗಳು ಬೇಗ ಗಡುಸಾಗಿ ಬಿರಿಯುತ್ತವೆ. ಡೈಗಳು ಹೀಟರಿನಿಂದ ಕಾದಿರುವುದರಿಂದ ಇಲ್ಲಿ ಸೋರಿಕೆಗೆ ಇನ್ನೊಂದು ಮುಖವಿದೆ: ಬಿಸಿ ಮೈ ಮೇಲೆ ಮಂಜಿನಂತೆ ಸಿಂಪಡಿಸಿದ ಎಣ್ಣೆಗೆ ಬೆಂಕಿ ಹತ್ತಬಹುದು. ಡೈ ಪಕ್ಕದಲ್ಲಿ ಹಾದುಹೋಗುವ, ಮೇಲ್ಪದರ ಬಿರುಕುಬಿಟ್ಟ ಹೋಸ್ ಪೈಪನ್ನು ನಾಳೆಗೆ ಬಿಡಬಾರದು.

ಎರಡೂ ಕೈಯಲ್ಲಿ ಎರಡು ಬಟನ್ ಒತ್ತಿದರೆ ಮಾತ್ರ ಡೈ ಇಳಿಯುವಂತೆ ಮಾಡಿದ ಯಂತ್ರಗಳುಂಟು. ಇಳಿಯುವ ಡೈ ಕೆಳಗೆ ಕೈ ಇರದಿರಲಿ ಎಂದೇ ಆ ಏರ್ಪಾಡು. ‘ಅಕ್ಕಾ, ಹಿಂಗೆ ಮಾಡಿದ್ರೆ ಬೇಗ ಆಗತ್ತೆ’ ಎಂದು ಒಂದು ಬಟನ್ನಿಗೆ ಟೇಪು ಸುತ್ತಿಕೊಡುವ ರಿಪೇರಿಯವನನ್ನು ಮತ್ತೆ ಒಳಗೆ ಬಿಡಬಾರದು. ರಿಪೇರಿ ನಡೆಯುವಾಗ ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಿ, ಬೀಗದಕೈಯನ್ನು ಕೆಲಸ ಮಾಡುವವರೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಕರೆಂಟ್ ಹೋಗಿದೆ ಎಂದು ಕೈ ಹಾಕುವುದು ಹಳ್ಳಿಗಳಲ್ಲಿ ಹೆಚ್ಚು. ಕರೆಂಟ್ ಹೇಳಿ ಬರುವುದಿಲ್ಲ.

ಪರೀಕ್ಷೆ

ಜೋಡಿಸಿದ ಪ್ರೆಸ್ಸಿಗೆ ನೇರವಾಗಿ ಗಿರಾಕಿಯ ಕೆಲಸ ಇಡಬಾರದು. ಗಾಳಿ ತೆಗೆದು, ಉಕ್ಕಿನ ತುಂಡಿನ ಮೇಲೆ ಮಿತಿಯ ಅರ್ಧದಷ್ಟು ಲೋಡ್ ಕೊಟ್ಟು, ಕಂಬದ ಮೇಲೆ ಪಟ್ಟಿಯ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು ಹತ್ತು ನಿಮಿಷ ಕಾಯಬೇಕು. ಮೇಲೆ ಹೇಳಿದ 60 ಮಿ.ಮೀ. ರಾಮ್‌ನಲ್ಲಿ 10 ಟನ್ನಿಗೆ ಗೇಜ್ 350 ಬಾರ್ ಆಸುಪಾಸು ತೋರಿಸುತ್ತದೆ. ಮೊದಲ ನಿಮಿಷ ಮುಳ್ಳು ಸ್ವಲ್ಪ ಇಳಿದು ನಿಲ್ಲಬಹುದು, ಸೀಲುಗಳು ಕೂರುವ ಹೊತ್ತದು. ನಿಲ್ಲದೆ ಇಳಿಯುತ್ತಲೇ ಇದ್ದರೆ ಮತ್ತೆ ಬಿಚ್ಚಬೇಕು. ನಿಂತರೆ ಹಂತ ಹಂತವಾಗಿ ಏರಿಸಿ, ಬರೆದ ಮಿತಿ ದಾಟದೆ, ಬೆಸುಗೆಗಳನ್ನೂ ಪಿನ್ನುಗಳನ್ನೂ ದೂರದಿಂದಲೇ ನೋಡಬೇಕು. ಹಾಸಿನ ಪಿನ್ನು ಕಳೆದುಹೋಗಿದೆಯೆಂದು ಕಬ್ಬಿಣದ ಸರಳು ಕತ್ತರಿಸಿ ಹಾಕಿದ್ದರೆ ಈ ಪರೀಕ್ಷೆಗೆ ಮುಂಚೆಯೇ ಅದನ್ನು ತೆಗೆದು, ತಯಾರಕರ ಪಿನ್ನು ಅಥವಾ ಅದೇ ದರ್ಜೆಯ ಉಕ್ಕಿನದನ್ನು ಹಾಕಿರಬೇಕು.

ಎಲ್ಲ ಪ್ರೆಸ್ಸೂ ರಿಪೇರಿಗೆ ಅರ್ಹವಲ್ಲ. ಬುಡದ ಎರಕದಲ್ಲಿ ಬಿರುಕು, ಉಬ್ಬಿದ ಸಿಲಿಂಡರ್, ಬಾಗಿದ ರಾಮ್, ಒತ್ತಡದ ಭಾಗಕ್ಕೆ ಹಿಂದೆ ಯಾರೋ ಹಾಕಿದ ಬೆಸುಗೆ ಇವುಗಳಲ್ಲಿ ಒಂದು ಕಂಡರೂ ಆ ಜಾಕಿಯ ಆಯುಸ್ಸು ಮುಗಿಯಿತು. ಚೌಕಟ್ಟು ಗಟ್ಟಿಯಿದ್ದರೆ ಅದೇ ಅಳತೆಯ ಹೊಸ ಜಾಕಿ ಕೂರಿಸಿ ಮುಂದುವರಿಸಬಹುದು. ಹಳೆಯ ಜಾಕಿಯ ಎಣ್ಣೆಯನ್ನು ಚರಂಡಿಗೂ ತೋಟಕ್ಕೂ ಚೆಲ್ಲದೆ ಡಬ್ಬಿಯಲ್ಲಿ ತುಂಬಿಸಿ, ಬಳಸಿದ ಎಣ್ಣೆ ಕೊಳ್ಳುವ ಪರವಾನಗಿದಾರರಿಗೆ ಕೊಡಬೇಕು. ಖಾಲಿ ಜಾಕಿಯನ್ನು ಹಾಗೇ ಗುಜರಿಗೆ ಹಾಕಿದರೆ, ಬಣ್ಣ ಬಳಿಸಿಕೊಂಡು ಇನ್ನೊಂದು ಗ್ಯಾರೇಜಿಗೆ ಹೋಗುವುದು ಖಂಡಿತ. ಎಣ್ಣೆ ಪೂರ್ತಿ ಬಸಿದು, ರಾಮ್ ಹೊರತೆಗೆದು, ಅದಕ್ಕೆ ಅಡ್ಡಲಾಗಿ ಒಂದು ಆಳವಾದ ಕೊಯ್ತ ಹಾಕಿ ಕೊಡಿ.